ಓತ್ ಮೊದಲೋ, ತಮ್ಮನ ಮದುವೆ ಮೊದಲೋ?

ಪ್ರಶ್ನೆ: ನಾವು ಟೆಕ್ಸಾಸ್‌ನ ಪ್ಲೇನೋದಲ್ಲಿದ್ದೇವೆ. ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗಳು. ಮೂವರಿಗೂ ಗ್ರೀನ್ ಕಾರ್ಡ್ ಇದೆ, ಪಾಸ್‌ಪೋರ್ಟ್ ಭಾರತದ್ದು. ಸಿಟಿಜನ್‌ಶಿಪ್‌ಗೆ ಸದ್ಯಕ್ಕೆ ನಾನೊಬ್ಬಳೇ ಅರ್ಜಿ ಹಾಕಿದ್ದೆ. ಇಂಟರ್ವ್ಯೂ ಪಾಸಾಯಿತು. ಈಗ ಓತ್‌ಗೆ, ಅಂದರೆ ಸಿಟಿಜನ್ ಆಗುವ ಪ್ರಮಾಣವಚನಕ್ಕೆ, ನೋಟಿಸ್ ಬಂದಿದೆ. ಓತ್ ಆಗಿ 16 ದಿನಕ್ಕೆ ನಾವು ಮೂವರೂ ಶಿವಮೊಗ್ಗಕ್ಕೆ ಹೊರಡಬೇಕು. ತಮ್ಮನ ಮದುವೆ, ಟಿಕೆಟ್ ಆಗಲೇ ಆಗಿದೆ, ಮೂರು ವಾರ ಇದ್ದು ವಾಪಸ್. "ಓತ್ ಮುಗಿಸಿಕೊಂಡೇ ಹೋಗು, ಅರ್ಜೆಂಟ್ ಪಾಸ್‌ಪೋರ್ಟ್ ಸಿಗುತ್ತೆ" ಅಂತ ಕೆಲವರು. "ಮುಂದಕ್ಕೆ ಹಾಕಿದರೆ ಕೇಸೇ ಹಾಳು" ಅಂತ ಇನ್ನು ಕೆಲವರು. ಏನು ಮಾಡಲಿ?

ಉತ್ತರ: ಮದುವೆಗೆ ಹೋಗಿ ಬನ್ನಿ. ಓತ್ ಮುಂದಕ್ಕೆ ಹಾಕಿಸಿಕೊಳ್ಳಿ. ಮುಂದಕ್ಕೆ ಹಾಕಿಸಿದ್ದಕ್ಕೆ ಕೇಸ್ ಹಾಳಾಗುವುದಿಲ್ಲ. ಹೇಳದೆ ಕೇಳದೆ ತಪ್ಪಿಸಿಕೊಂಡರೆ ಮಾತ್ರ ತೊಂದರೆ.

ನಿಮ್ಮ ಸ್ನೇಹಿತರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಅರ್ಜೆಂಟ್ ಪಾಸ್‌ಪೋರ್ಟ್ ಅನ್ನುವುದು ನಿಜಕ್ಕೂ ಇದೆ. ಆದರೆ ಅವರು ಲೆಕ್ಕ ಹಾಕಿದ್ದು ಅಮೆರಿಕದ ಬಾಗಿಲನ್ನು ಮಾತ್ರ. ನೀವು ದಾಟಬೇಕಾದ್ದು ಎರಡು ಬಾಗಿಲು.

ಓತ್ ದಿನ ಬೆಳಿಗ್ಗೆ ಒಳಗೆ ಹೋಗುವಾಗಲೇ ನಿಮ್ಮ ಗ್ರೀನ್ ಕಾರ್ಡ್ ತೆಗೆದುಕೊಳ್ಳುತ್ತಾರೆ. ಅದು ವಾಪಸ್ ಬರುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಎನ್-550 ಅನ್ನುವ ನ್ಯಾಚುರಲೈಸೇಷನ್ ಸರ್ಟಿಫಿಕೇಟ್ ಕೈಗೆ ಕೊಡುತ್ತಾರೆ. ನೀವು ಸಿಟಿಜನ್ ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಪುರಾವೆ ಇಲ್ಲ. ಆದರೆ ಅದನ್ನು ಹಿಡಿದುಕೊಂಡು ವಿಮಾನ ಹತ್ತಲಾಗುವುದಿಲ್ಲ. ಅಮೆರಿಕದ ಸಿಟಿಜನ್ ದೇಶ ಬಿಡುವಾಗಲೂ ಬರುವಾಗಲೂ ಅಮೆರಿಕದ ಪಾಸ್‌ಪೋರ್ಟ್ ಇಟ್ಟುಕೊಂಡಿರಬೇಕು ಅಂತ ಅಲ್ಲಿನ ಕಾನೂನೇ ಹೇಳುತ್ತದೆ.

ಇತ್ತ ಭಾರತದ ಕಡೆ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸ್ವಂತ ಇಷ್ಟದಿಂದ ಬೇರೆ ದೇಶದ ಪೌರತ್ವ ತೆಗೆದುಕೊಂಡ ಕ್ಷಣಕ್ಕೆ ಭಾರತದ ಪೌರತ್ವ ತಾನಾಗಿಯೇ ಹೋಗುತ್ತದೆ. ಅದಕ್ಕೆ ಯಾರೂ ಆದೇಶ ಹೊರಡಿಸಬೇಕಾಗಿಲ್ಲ, ನೀವೂ ಅರ್ಜಿ ಹಾಕಬೇಕಾಗಿಲ್ಲ. ಪಾಸ್‌ಪೋರ್ಟ್ ಇನ್ನೂ ಆರು ವರ್ಷ ಚಾಲ್ತಿಯಲ್ಲಿದೆ ಅಂತ ಅದರಲ್ಲಿ ಅಚ್ಚಾಗಿರಬಹುದು. ಅದರ ಹಿಂದಿದ್ದ ಹಕ್ಕು ಮುಗಿದಿರುತ್ತದೆ. ಎರಡೂ ದೇಶದ ಪೌರತ್ವ ಒಟ್ಟಿಗೆ ಇಟ್ಟುಕೊಳ್ಳಲು ಭಾರತ ಬಿಡುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಅದು ಓತ್ ದಿನವೇ ಜಾರಿಗೆ ಬರುತ್ತದೆ ಅನ್ನುವುದು ಮಾತ್ರ ಬಹಳ ಜನರಿಗೆ ತಲೆಗೆ ಹೋಗಿರುವುದಿಲ್ಲ.

ಅಂದರೆ ಅರ್ಧ ದಿನದಲ್ಲಿ ಅತ್ತ ಗ್ರೀನ್ ಕಾರ್ಡೂ ಹೋಯಿತು, ಇತ್ತ ಭಾರತದ ಪಾಸ್‌ಪೋರ್ಟೂ ಹೋಯಿತು. ಅಲ್ಲಿಂದ ಮೊದಲು ಅಮೆರಿಕದ ಪಾಸ್‌ಪೋರ್ಟ್ ಬರಬೇಕು. ಅದರ ನಂಬರ್ ಹಾಕಿ ಭಾರತದ ವೀಸಾ ತೆಗೆದುಕೊಳ್ಳಬೇಕು. ಒಂದಾದ ಮೇಲೆ ಒಂದು. ಎರಡನ್ನೂ ಒಟ್ಟಿಗೆ ಶುರು ಮಾಡುವ ಹಾಗಿಲ್ಲ.

ಈಗ ನಿಮ್ಮ 16 ದಿನ ನೋಡೋಣ. ಮಾಮೂಲಿ ದಾರಿಯಲ್ಲಿ ಪಾಸ್‌ಪೋರ್ಟ್‌ಗೆ 4ರಿಂದ 6 ವಾರ ಅಂತ ಸ್ಟೇಟ್ ಡಿಪಾರ್ಟ್‌ಮೆಂಟ್ (ಅಮೆರಿಕದ ವಿದೇಶಾಂಗ ಇಲಾಖೆ) ಹೇಳುತ್ತದೆ. 60 ಡಾಲರ್ ಹೆಚ್ಚಿಗೆ ಕಟ್ಟಿ ಎಕ್ಸ್‌ಪಿಡೈಟ್ ಮಾಡಿಸಿದರೆ 2ರಿಂದ 3 ವಾರ. ಪೋಸ್ಟ್‌ನಲ್ಲಿ ಹೋಗಿ ಬರುವ ದಿನ ಈ ಲೆಕ್ಕದಲ್ಲಿ ಸೇರಿಲ್ಲ. ನಿಮಗೆ ಇವೆರಡೂ ಆಗುವ ಮಾತಲ್ಲ. ಉಳಿದದ್ದು ಪಾಸ್‌ಪೋರ್ಟ್ ಏಜೆನ್ಸಿ. ಪ್ರಯಾಣ 14 ದಿನದೊಳಗೆ ಇದ್ದರೆ, ಅಥವಾ ಬೇರೆ ದೇಶದ ವೀಸಾ ಬೇಕಿದ್ದು ಪ್ರಯಾಣ 28 ದಿನದೊಳಗೆ ಇದ್ದರೆ ಅಲ್ಲಿ ಅಪಾಯಿಂಟ್‌ಮೆಂಟ್ ಕೇಳಬಹುದು. ನಿಮಗೆ ವೀಸಾ ಬೇಕಾದ್ದರಿಂದ 28 ದಿನದ ನಿಯಮ ಅನ್ವಯಿಸುತ್ತದೆ. ಡಲ್ಲಾಸ್‌ನಲ್ಲಿಯೇ ಒಂದು ಏಜೆನ್ಸಿ ಇದೆ, ನಿಮ್ಮ ಅದೃಷ್ಟ. ಆದರೆ ಅಪಾಯಿಂಟ್‌ಮೆಂಟ್ ಸಿಕ್ಕೇ ಸಿಗುತ್ತದೆ ಅಂತ ಅವರು ಮಾತು ಕೊಡುವುದಿಲ್ಲ. ಬೇಸಿಗೆ ರಜೆ, ಡಿಸೆಂಬರ್ ರಜೆ ಹತ್ತಿರ ಬಂದಾಗ ಸ್ಲಾಟ್‌ಗೆ ಪೈಪೋಟಿ ಜೋರು.

ಅಪಾಯಿಂಟ್‌ಮೆಂಟ್ ಸಿಕ್ಕಿತು, ಒಂದು ವಾರದಲ್ಲಿ ಪಾಸ್‌ಪೋರ್ಟೂ ಬಂತು ಅಂತಿಟ್ಟುಕೊಳ್ಳಿ. ಆಮೇಲೆ ಇ-ವೀಸಾ. ಭಾರತ ತಲುಪುವುದಕ್ಕೆ ಕನಿಷ್ಠ 4 ದಿನ ಮೊದಲು ಅರ್ಜಿ ಹಾಕಿರಬೇಕು. ಫೋಟೊ ಸರಿ ಇಲ್ಲ, ಪಾಸ್‌ಪೋರ್ಟ್ ಪುಟ ಮಸುಕಾಗಿದೆ ಅಂತ ವಾಪಸ್ ಬಂದರೆ ಆ ದಿನಗಳೂ ಕೈಬಿಟ್ಟವು. ಬೆಂಗಳೂರು, ಮಂಗಳೂರು ಎರಡೂ ವಿಮಾನ ನಿಲ್ದಾಣದಲ್ಲಿ ಇ-ವೀಸಾದಲ್ಲಿ ಇಳಿಯಬಹುದು, ಆ ಚಿಂತೆ ಬೇಡ. ಫಾರಂನಲ್ಲಿ ಹಿಂದಿನ ಪೌರತ್ವ ಯಾವುದು ಅಂತ ಕೇಳುತ್ತಾರೆ. ಭಾರತ ಅಂತಲೇ ಬರೆಯಬೇಕು.

ಇಷ್ಟೂ ಸೇರಿಸಿದರೆ 16 ದಿನದಲ್ಲಿ ಆಗಬಹುದು. ಆಗದೆಯೂ ಹೋಗಬಹುದು. ಒಡಹುಟ್ಟಿದವನ ಮದುವೆಯನ್ನು "ಆಗಬಹುದು" ಮೇಲೆ ಬಿಡಬೇಕಾ, ನೀವೇ ಹೇಳಿ.

ಇನ್ನು ನಿಮ್ಮ ಪ್ರಶ್ನೆಯಲ್ಲಿ ನೀವು ಕೇಳದೆ ಬಿಟ್ಟ ಒಂದು ವಿಷಯ: ಮಗಳು. ನಾನು ಮುಂದಕ್ಕೆ ಹಾಕಿ ಅಂತ ಇಷ್ಟು ಖಂಡಿತವಾಗಿ ಹೇಳುತ್ತಿರುವುದು ಮುಖ್ಯವಾಗಿ ಅವಳಿಗಾಗಿ. 2001ರ ಫೆಬ್ರವರಿ 27ರಿಂದ ಜಾರಿಯಲ್ಲಿರುವ ಚೈಲ್ಡ್ ಸಿಟಿಜನ್‌ಶಿಪ್ ಕಾಯ್ದೆಯ ಪ್ರಕಾರ, ಗ್ರೀನ್ ಕಾರ್ಡ್ ಇರುವ, 18 ತುಂಬದ, ಅಪ್ಪ ಅಥವಾ ಅಮ್ಮನ ಸುಪರ್ದಿಯಲ್ಲಿ ಅಮೆರಿಕದಲ್ಲೇ ಇರುವ ಮಗು, ಆ ಅಪ್ಪ ಅಥವಾ ಅಮ್ಮ ಸಿಟಿಜನ್ ಆದ ಕ್ಷಣಕ್ಕೆ ತಾನೂ ಸಿಟಿಜನ್ ಆಗುತ್ತದೆ. ಅರ್ಜಿ ಇಲ್ಲ, ಓತ್ ಇಲ್ಲ. ನೀವು ಬಲಗೈ ಎತ್ತಿ ಪ್ರಮಾಣ ಮಾಡುವ ಹೊತ್ತಿಗೆ ಶಾಲೆಯಲ್ಲಿ ಕೂತ ನಿಮ್ಮ ಮಗಳೂ ಅಮೆರಿಕದ ಸಿಟಿಜನ್. ಅವಳ ಗ್ರೀನ್ ಕಾರ್ಡನ್ನು ಅಂದು ಯಾರೂ ಕೇಳುವುದಿಲ್ಲ, ಹಾಗಾಗಿ ಎಷ್ಟೋ ಮನೆಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಅಮ್ಮನಿಗೆ ಓಡಾಡಿ ಪಾಸ್‌ಪೋರ್ಟ್ ಮಾಡಿಸಿರುತ್ತಾರೆ, ಮಗುವಿನದು ಹಳೇ ಕಾಗದದಲ್ಲೇ ನಡೆಯುತ್ತೆ ಅಂದುಕೊಂಡಿರುತ್ತಾರೆ. ನಡೆಯುವುದಿಲ್ಲ. ಅವಳಿಗೂ ಅಮೆರಿಕದ ಪಾಸ್‌ಪೋರ್ಟ್ ಬೇಕು, ಅವಳಿಗೂ ಭಾರತದ ವೀಸಾ ಬೇಕು. 16 ವರ್ಷದೊಳಗಿನ ಮಗುವಿನ ಪಾಸ್‌ಪೋರ್ಟ್‌ಗೆ ಅಪ್ಪ, ಅಮ್ಮ ಇಬ್ಬರೂ ಮಗುವಿನ ಜೊತೆ ಖುದ್ದಾಗಿ ಹೋಗಬೇಕು. ಒಬ್ಬರು ಬರಲಾಗದಿದ್ದರೆ ನೋಟರಿ ಮಾಡಿಸಿದ ಒಪ್ಪಿಗೆ ಕಾಗದ ಬೇಕು. ಅದೇ 16 ದಿನದಲ್ಲಿ ಈ ಎಲ್ಲವೂ ಎರಡೆರಡು ಸಲ ಆಗಬೇಕು.

ನಿಮ್ಮ ಯಜಮಾನರಿಗೆ ಇದು ಯಾವುದೂ ತಟ್ಟುವುದಿಲ್ಲ. ಅವರು ಹಿಂದಿನಂತೆಯೇ ಗ್ರೀನ್ ಕಾರ್ಡ್, ಭಾರತದ ಪಾಸ್‌ಪೋರ್ಟ್ ಹಿಡಿದು ಹೋಗಿ ಬರಬಹುದು.

ಸರಿ, ಮುಂದಕ್ಕೆ ಹಾಕಿದರೆ ಏನಾಗುತ್ತದೆ? ನಿಮಗೆ ಬಂದಿರುವ ನೋಟಿಸ್ ಎನ್-445. ಬರಲಾಗದಿದ್ದರೆ ಕೂಡಲೇ ಇದನ್ನು ಕಾರಣ ಬರೆದು ವಾಪಸ್ ಕಳಿಸಿ, ಇನ್ನೊಂದು ದಿನಾಂಕ ಕೊಡುತ್ತೇವೆ ಅಂತ ಅದರಲ್ಲೇ ಬರೆದಿರುತ್ತದೆ. ಓದಿ ನೋಡಿ. ಅಂದರೆ ಇದು ಯಾರದೋ ಕೃಪೆಯಲ್ಲ, ಅವರೇ ಇಟ್ಟಿರುವ ದಾರಿ. ನಿಯಮ ಕಠಿಣವಾಗುವುದು ಬೇರೆ ಕಡೆ. ಸರಿಯಾದ ಕಾರಣ ಇಲ್ಲದೆ ಒಂದಕ್ಕಿಂತ ಹೆಚ್ಚು ಸಲ ಓತ್ ತಪ್ಪಿಸಿದರೆ, ಸಿಟಿಜನ್ ಆಗುವ ಇಚ್ಛೆಯನ್ನೇ ಬಿಟ್ಟಿದ್ದಾರೆ ಅಂತ ಭಾವಿಸಬಹುದು. ಆಗಲೂ ನೋಟಿಸ್ ಕೊಟ್ಟು, ಉತ್ತರಿಸಲು 15 ದಿನ ಬಿಟ್ಟು, ಆಮೇಲೆ ಕೇಸ್ ಮತ್ತೆ ತೆರೆಯುತ್ತಾರೆ. "ಕೇಸೇ ಹಾಳು" ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಒಂದು ಸಲ, ಮೊದಲೇ ತಿಳಿಸಿ, ಟಿಕೆಟ್ ತೋರಿಸಿ ಕೇಳುವವರಿಗೂ ಇದಕ್ಕೂ ಸಂಬಂಧ ಇಲ್ಲ.

ಪತ್ರ ಚಿಕ್ಕದಾಗಿರಲಿ. ಹೆಸರು, ಎ-ನಂಬರ್ (ಗ್ರೀನ್ ಕಾರ್ಡ್ ಮೇಲಿರುವ ನಿಮ್ಮ ನಂಬರ್), ಓತ್ ದಿನಾಂಕ, ಹೊರಡುವ ದಿನ, ವಾಪಸ್ ಬರುವ ದಿನ, ಕಾರಣ. "ಈ ದಿನಾಂಕದ ನಂತರ ಯಾವಾಗ ಕರೆದರೂ ಬರುತ್ತೇನೆ" ಅಂತ ಒಂದು ಸಾಲು. ವಾಪಸ್ ಬಂದ ಮಾರನೇ ದಿನದಿಂದಲೇ ಸಿದ್ಧ ಅಂತ ಬರೆಯಬೇಡಿ, ವಿಮಾನ ತಡವಾಗಬಹುದು, ಜೆಟ್‌ಲ್ಯಾಗ್ ಬೇರೆ. ಒಂದು ವಾರ ಬಿಟ್ಟು ಬರೆಯಿರಿ. ಜೊತೆಗೆ ಟಿಕೆಟ್ ಪ್ರತಿ ಇಡಿ. ಲಗ್ನಪತ್ರಿಕೆ ಅಚ್ಚಾಗಿದ್ದರೆ ಅದನ್ನೂ ಇಡಿ. ಕನ್ನಡದಲ್ಲಿ ಮಾತ್ರ ಇದ್ದರೆ ದಿನಾಂಕ, ಸ್ಥಳ, ವಧೂವರರ ಹೆಸರನ್ನು ಇಂಗ್ಲಿಷ್‌ನಲ್ಲಿ ಬರೆದು ಲಗತ್ತಿಸಿ. ಕಳಿಸುವ ಮೊದಲು ಎನ್-445ರ ಎರಡೂ ಬದಿಯ ಕಾಪಿ ತೆಗೆದಿಟ್ಟುಕೊಳ್ಳಿ. ನೋಟಿಸ್ ಕಳಿಸಿದ ಅದೇ ಫೀಲ್ಡ್ ಆಫೀಸಿಗೆ, ಟ್ರ್ಯಾಕಿಂಗ್ ಇರುವ ಪೋಸ್ಟ್‌ನಲ್ಲೇ ಹಾಕಿ. ಆನ್‌ಲೈನ್ ಅಕೌಂಟ್ ಇದ್ದರೆ ಅಲ್ಲೂ ಮೆಸೇಜ್ ಹಾಕಿ. ಸಿಟಿಜನ್‌ಶಿಪ್ ಅರ್ಜಿ ನೋಡುವ ಇಲಾಖೆಯಾದ ಯುಎಸ್‌ಸಿಐಎಸ್‌ನ ಕಾಂಟ್ಯಾಕ್ಟ್ ಸೆಂಟರ್‌ಗೆ, 1-800-375-5283, ಒಂದು ಫೋನ್ ಮಾಡಿ. ಆದರೆ ಫೋನ್‌ನಲ್ಲಿ ಹೇಳಿದೆ, ಆಯಿತು ಅಂತ ಪತ್ರ ಬಿಡಬೇಡಿ. ನಾಳೆ ತೋರಿಸಲು ಬೇಕಾಗುವುದು ಕಾಗದ.

ಹೊಸ ದಿನಾಂಕವನ್ನು ನೀವು ಆರಿಸುವ ಹಾಗಿಲ್ಲ. ಅದು ನೀವು ಶಿವಮೊಗ್ಗದಲ್ಲಿ ಇರುವಾಗಲೇ ಪ್ಲೇನೋದ ಅಂಚೆಪೆಟ್ಟಿಗೆಗೆ ಬಂದು ಬೀಳಬಹುದು. ಪಕ್ಕದ ಮನೆಯವರಿಗೋ ಸ್ನೇಹಿತರಿಗೋ ಕೀಲಿ ಕೊಟ್ಟು ಹೋಗಿ, ಸರ್ಕಾರಿ ಲಕೋಟೆ ಬಂದರೆ ಫೋಟೊ ತೆಗೆದು ವಾಟ್ಸಾಪ್ ಮಾಡಲು ಹೇಳಿ. ಅಂಚೆ ಇಲಾಖೆಯ ಇನ್ಫಾರ್ಮ್ಡ್ ಡೆಲಿವರಿಗೆ ಸೇರಿಕೊಂಡರೆ ಬರುವ ಕಾಗದದ ಚಿತ್ರ ಇಮೇಲ್‌ಗೇ ಬರುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಎರಡನೇ ದಿನಾಂಕ ಗೊತ್ತೇ ಆಗದೆ ತಪ್ಪಿಹೋಗುವುದು ನಿಮ್ಮ ಕೇಸಿನಲ್ಲಿ ನಿಜವಾಗಿ ಹೆದರಬೇಕಾದ ವಿಷಯ.

ಪ್ರಯಾಣದ ಬಗ್ಗೆ ಹೇಳಬೇಕಾದ್ದು ಕಡಿಮೆ. ಓತ್ ಆಗುವವರೆಗೆ ನೀವು ಗ್ರೀನ್ ಕಾರ್ಡ್‌ನವರೇ. ಇಂಟರ್ವ್ಯೂ ಪಾಸಾದ ಮೇಲೆ ದೇಶ ಬಿಟ್ಟು ಹೋಗಬಾರದು ಅಂತ ನಿಯಮ ಇಲ್ಲ. ಕಾರ್ಡ್‌ನ ಅವಧಿ ಮುಗಿದಿದ್ದರೆ ಎನ್-400, ಅಂದರೆ ಸಿಟಿಜನ್‌ಶಿಪ್ ಅರ್ಜಿಯ, ರಸೀತಿ ತೆಗೆದು ನೋಡಿ. 2022ರ ಡಿಸೆಂಬರ್ 12ರಿಂದ ಈಚೆಗೆ ಅರ್ಜಿ ಹಾಕಿದವರಿಗೆ ಆ ರಸೀತಿಯೇ ಕಾರ್ಡ್‌ನ ಅವಧಿಯನ್ನು 24 ತಿಂಗಳು ವಿಸ್ತರಿಸುತ್ತದೆ. ಹಾಗಿದ್ದರೆ ಹಳೇ ಕಾರ್ಡ್ ಮತ್ತು ರಸೀತಿಯ ಮೂಲ ಪ್ರತಿ ಎರಡನ್ನೂ ಕೈಚೀಲದಲ್ಲಿ ಇಟ್ಟುಕೊಳ್ಳಿ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಅಲ್ಲ. ಮೂರು ವಾರದ ಪ್ರಯಾಣ ಯಾವ ಲೆಕ್ಕಕ್ಕೂ ಬರುವುದಿಲ್ಲ. ಆದರೆ ಮದುವೆ ಮುಗಿದ ಮೇಲೆ ಅಮ್ಮನ ಜೊತೆ ಇನ್ನಷ್ಟು ದಿನ ಅಂತ ಉಳಿಯುತ್ತಾ ಹೋಗಿ ಆರು ತಿಂಗಳು ದಾಟಿಸಬೇಡಿ. ನಿರಂತರ ವಾಸದ ಷರತ್ತು ಅರ್ಜಿ ಹಾಕಿದ ದಿನಕ್ಕೆ ಮುಗಿಯುವುದಿಲ್ಲ, ಓತ್‌ವರೆಗೂ ಇರುತ್ತದೆ.

ವಾಪಸ್ ಬಂದು ಹೊಸ ಓತ್‌ಗೆ ಹೋಗುವಾಗ ಎನ್-445ರಲ್ಲಿ ಒಂದು ಪ್ರಶ್ನಾವಳಿ ತುಂಬಬೇಕು. ಇಂಟರ್ವ್ಯೂ ಆದ ಮೇಲೆ ಏನೇನು ಬದಲಾಗಿದೆ ಅಂತ. ಮದುವೆ, ವಿಚ್ಛೇದನ, ಪೊಲೀಸ್ ಕೇಸ್, ಹೊರದೇಶ ಪ್ರಯಾಣ. ಪ್ರಯಾಣಕ್ಕೆ "ಹೌದು" ಅಂತ ಗುರುತು ಹಾಕಿ, ದಿನಾಂಕ ಬರೆದುಕೊಂಡು ಹೋಗಿ. ಅಧಿಕಾರಿ ಒಂದೆರಡು ಮಾತು ಕೇಳಬಹುದು, ಅಷ್ಟೆ. "ಹೌದು" ಅಂದರೆ ತಡೆದುಬಿಡುತ್ತಾರೇನೋ ಅಂತ ಹೆದರಿ "ಇಲ್ಲ" ಅಂತ ಹಾಕುವವರಿದ್ದಾರೆ. ಸಣ್ಣ ಪ್ರಯಾಣವೊಂದನ್ನು ಮುಚ್ಚಿಡಲು ಸುಮ್ನೆ ಸುಳ್ಳು ಹೇಳಿ ಸಿಕ್ಕಿಹಾಕಿಕೊಳ್ಳುವ ಕೆಲಸ ಅದು.

ಕೆಲವು ಅಡ್ಡದಾರಿಗಳ ಸಲಹೆ ನಿಮಗೂ ಬಂದಿರುತ್ತದೆ. ಓತ್ ಮುಗಿಸಿ, ಭಾರತದ ಪಾಸ್‌ಪೋರ್ಟಿನಲ್ಲೇ ಊರಿಗೆ ಹೋಗಿ, ಅಲ್ಲಿಂದ ಚೆನ್ನೈ ಕಾನ್ಸುಲೇಟ್‌ನಲ್ಲಿ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿಕೊಂಡು ಬರೋದು, ಅಂತ. ಇದು ಎರಡೂ ದೇಶದ ಕಾನೂನನ್ನು ಒಟ್ಟಿಗೆ ಮುರಿಯುವ ಉಪಾಯ. ನಿಮ್ಮದಲ್ಲದ ಪೌರತ್ವದ ಪಾಸ್‌ಪೋರ್ಟಿನಲ್ಲಿ ಭಾರತಕ್ಕೆ ಇಳಿದಿರುತ್ತೀರಿ. ಹೊಸ ಪಾಸ್‌ಪೋರ್ಟ್ ಸಿಕ್ಕರೂ ಅದರಲ್ಲಿ ವೀಸಾ ಇರುವುದಿಲ್ಲ, ವಾಪಸ್ ಹೊರಡುವಾಗ ಇಮಿಗ್ರೇಷನ್ ಕೌಂಟರಿನಲ್ಲಿ ಯಾವ ಪುಸ್ತಕ ತೋರಿಸುತ್ತೀರಿ? ಗ್ರೀನ್ ಕಾರ್ಡ್ ಕಳೆದುಹೋಗಿದೆ ಅಂತ ಹೇಳಿ ಇಟ್ಟುಕೊಳ್ಳುವ ಐಡಿಯಾ ಕೊಟ್ಟವರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ನಿಮ್ಮ ಹಾಗೆಯೇ ಯೋಚಿಸುತ್ತಿರುವ, ಆದರೆ ದಿನಗಳ ಲೆಕ್ಕ ಬೇರೆ ಇರುವ ಓದುಗರಿಗೆ ಎರಡು ಮಾತು. ಓತ್‌ಗೂ ಪ್ರಯಾಣಕ್ಕೂ ಎರಡು ತಿಂಗಳ ಅಂತರ ಇದ್ದರೆ ಧೈರ್ಯವಾಗಿ ಓತ್ ಮುಗಿಸಿ, ಎಕ್ಸ್‌ಪಿಡೈಟ್ ಹಾಕಿ. ಐದಾರು ವಾರ ಇದ್ದರೆ, ಒಬ್ಬರೇ ಹೋಗುವವರು, ಮಕ್ಕಳ ತಾಪತ್ರಯ ಇಲ್ಲದವರು ಪ್ರಯತ್ನಿಸಬಹುದು. ನಾಲ್ಕು ವಾರಕ್ಕಿಂತ ಕಡಿಮೆ ಇದ್ದು, ತಪ್ಪಿಸಲಾಗದ ಪ್ರಯಾಣ ಆಗಿದ್ದರೆ ಮುಂದಕ್ಕೆ ಹಾಕಿ. ಇದು ನನ್ನ ಅಂದಾಜು, ಕಾನೂನಲ್ಲ. ಇಂಟರ್ವ್ಯೂ ಇನ್ನೂ ಆಗಬೇಕಾದವರು ಒಂದು ನೆನಪಿಡಿ: ಇಂಟರ್ವ್ಯೂ ದಿನವೇ ಓತ್ ಮಾಡಿಸಿ ಕಳಿಸುವ ಆಫೀಸುಗಳಿವೆ. ಪಾಸಾದ ಖುಷಿಯಲ್ಲಿ ಹೂಂ ಅನ್ನುವ ಮೊದಲು ಮುಂದಿನ ತಿಂಗಳ ಟಿಕೆಟ್ ನೆನಪಿಗೆ ಬರಲಿ. "ಪ್ರಯಾಣ ಇದೆ, ಆಮೇಲಿನ ಓತ್‌ಗೆ ಹಾಕಿ" ಅಂತ ಅಲ್ಲೇ ಕೇಳಬಹುದು.

ತದ್ವಿರುದ್ಧವಾಗಿ, ಓತ್ ಬೇಗ ಮಾಡಿಸಿ ಅಂತ ಕೇಳುವ ದಾರಿಯೂ ನಿಯಮದಲ್ಲಿದೆ. ಅರ್ಜಿದಾರರಿಗೋ ಮನೆಯವರಿಗೋ ತೀವ್ರ ಕಾಯಿಲೆ, ಅಂಗವೈಕಲ್ಯ, ವಯಸ್ಸು, ಅಥವಾ ಪ್ರಯಾಣ, ಉದ್ಯೋಗಕ್ಕೆ ಸಂಬಂಧಿಸಿದ ತುರ್ತು ಕಾರಣ ಇದ್ದರೆ ಬರೆದು ಕೇಳಬಹುದು. ಕೊಡಲೇಬೇಕು ಅಂತಿಲ್ಲ. ಮದುವೆಗೆ ಹೋಗಬೇಕು, ಬೇಗ ಮಾಡಿ ಅಂದರೆ, ಗ್ರೀನ್ ಕಾರ್ಡ್‌ನಲ್ಲೇ ಹೋಗಿಬನ್ನಿ ಅಂದಾರು. ಅದೂ ಸರಿಯೇ ಅಲ್ವಾ.

ಊರಲ್ಲಿ ಅಪ್ಪನೋ ಅಮ್ಮನೋ ಹುಷಾರಿಲ್ಲದೆ ಮಲಗಿದ್ದು, ಯಾವ ಗಳಿಗೆಯಲ್ಲಿ ಫೋನ್ ಬರುತ್ತೋ ಅನ್ನುವ ಸ್ಥಿತಿಯವರಿಗೆ ನನ್ನ ಸಲಹೆ ಇನ್ನೂ ಗಟ್ಟಿ. ಗ್ರೀನ್ ಕಾರ್ಡ್ ಮತ್ತು ಭಾರತದ ಪಾಸ್‌ಪೋರ್ಟ್ ಇರುವವರು ಇವತ್ತು ರಾತ್ರಿಯ ವಿಮಾನಕ್ಕೇ ಹೊರಡಬಹುದು. ನಿನ್ನೆ ಓತ್ ತೆಗೆದುಕೊಂಡವರು ಹೊರಡಲಾರರು. ಹತ್ತಿರದ ಸಂಬಂಧಿ ಸಾವಿನ ಅಂಚಿನಲ್ಲಿದ್ದರೆ ಪಾಸ್‌ಪೋರ್ಟ್ ಏಜೆನ್ಸಿಯಲ್ಲಿ ತುರ್ತು ಸೇವೆ ಇದೆ, 1-877-487-2778ಕ್ಕೆ ಕರೆ ಮಾಡಬೇಕು. ಅದು ತಂದೆ ತಾಯಿ ಅಥವಾ ಕಾನೂನುಬದ್ಧ ಪೋಷಕರು, ಮಕ್ಕಳು, ಗಂಡ ಹೆಂಡತಿ, ಒಡಹುಟ್ಟಿದವರು, ಅಜ್ಜ ಅಜ್ಜಿಗೆ ಮಾತ್ರ. ನಿಮ್ಮನ್ನು ಸಾಕಿ ಬೆಳೆಸಿದ ಚಿಕ್ಕಮ್ಮ, ಸೋದರಮಾವ ಆ ಪಟ್ಟಿಯಲ್ಲಿ ಇಲ್ಲ. ನಮ್ಮ ಕಡೆಯವರಿಗೆ ಇದು ಬಹಳ ಕಷ್ಟದ ವಿಷಯ. ಪಾಸ್‌ಪೋರ್ಟ್ ಸಿಕ್ಕ ಮೇಲೂ ಭಾರತದ ವೀಸಾಕ್ಕೆ ಕಾನ್ಸುಲೇಟ್ ಬಾಗಿಲು ತಟ್ಟಬೇಕು. ಟೆಕ್ಸಾಸ್‌ನವರಿಗೆ ಅದು ಹ್ಯೂಸ್ಟನ್.

ಹೆಸರು ಬದಲಾಯಿಸಲು ಕೇಳಿದ್ದೀರಾ ಅಂತ ನೀವು ಬರೆದಿಲ್ಲ. ನಮ್ಮ ಹೆಸರುಗಳ ಕಥೆ ಗೊತ್ತಲ್ಲ, ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್, ಎರಡೂ ಬಿಡಿಸಿ ಬರೆದು ಲಾಸ್ಟ್ ನೇಮ್ ಆಗಿ ಕೂತಿರುತ್ತದೆ. ಇದೇ ನೆಪದಲ್ಲಿ ಸರಿ ಮಾಡಿಸೋಣ ಅಂತ ಎನ್-400ರಲ್ಲಿ ತುಂಬಾ ಜನ ಕೇಳುತ್ತಾರೆ. ಹಾಗೆ ಕೇಳಿದ್ದರೆ ಓತ್ ಕೋರ್ಟಿನಲ್ಲಿ, ಜಡ್ಜ್ ಮುಂದೆ ಆಗಬೇಕು. ಆ ದಿನಾಂಕಗಳು ಕಡಿಮೆ, ಮುಂದಿನದಕ್ಕೆ ಜಾಸ್ತಿ ಕಾಯಬೇಕಾಗಬಹುದು. ಮತ್ತೆ ಹೊಸ ಪಾಸ್‌ಪೋರ್ಟ್ ಹೊಸ ಹೆಸರಿನಲ್ಲಿ ಬರುತ್ತದೆ. ಹಳೇ ಹೆಸರಿನಲ್ಲಿ ತೆಗೆದ ಟಿಕೆಟ್‌ಗೆ ಅದು ಹೊಂದುವುದಿಲ್ಲ. ಓತ್ ಮುಂದಕ್ಕೆ ಹಾಕಲು ಅದೂ ಒಂದು ಕಾರಣ.

ಇನ್ನು ಮದುವೆ ಮುಗಿಸಿ ಬಂದು ಓತ್ ಆದ ದಿನ ಮಾಡಬೇಕಾದ್ದು. ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಹೆಸರು, ಹುಟ್ಟಿದ ದಿನಾಂಕ ಅಕ್ಷರ ಅಕ್ಷರ ನೋಡಿ. ತಪ್ಪಿದ್ದರೆ ಅಲ್ಲಿಂದ ಹೊರಡುವ ಮೊದಲೇ ಹೇಳಿ. ಮನೆಗೆ ಬಂದು ಎರಡೂ ಬದಿಯನ್ನು ಸ್ಕ್ಯಾನ್ ಮಾಡಿ, ನಾಲ್ಕೈದು ಪ್ರತಿ ತೆಗೆದಿಡಿ. ಕಾಪಿ ತೆಗೆಯಬಾರದು ಅನ್ನುವ ಎಚ್ಚರಿಕೆ ಅದರ ಮೇಲೇ ಇರುತ್ತದೆ, ಆದರೆ ಪಾಸ್‌ಪೋರ್ಟ್ ಅರ್ಜಿಗೆ ಕಾಪಿ ಕೇಳುವವರು ಅದೇ ಸರ್ಕಾರದವರು. ಕಾನೂನುಬದ್ಧ ಕೆಲಸಕ್ಕೆ ತೆಗೆಯುವುದು ತಪ್ಪಲ್ಲ. ಪಾಸ್‌ಪೋರ್ಟ್‌ಗೆ ಡಿಎಸ್-11 ಅರ್ಜಿ, 130 ಡಾಲರ್ ಶುಲ್ಕ, ಮೇಲೆ 35 ಡಾಲರ್. ಮಗಳದು 100 ಮತ್ತು 35. ಆ ಅರ್ಜಿಯ ಜೊತೆ ಸರ್ಟಿಫಿಕೇಟ್‌ನ ಮೂಲ ಪ್ರತಿಯೇ ಹೋಗುತ್ತದೆ. ವಾಪಸ್ ಬರುವುದು ಪಾಸ್‌ಪೋರ್ಟ್ ಜೊತೆ ಅಲ್ಲ, ಬೇರೆ ಲಕೋಟೆಯಲ್ಲಿ. ಬಂದಿಲ್ಲ ಅಂತ ಗಾಬರಿಯಾಗಬೇಡಿ. ಆಮೇಲೆ ಭಾರತದ ಪಾಸ್‌ಪೋರ್ಟ್ ಸರೆಂಡರ್ ಮಾಡಲು, ಓಸಿಐ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಅರ್ಜಿ ಹಾಕಲು, ಭಾರತದ ಕಾನ್ಸುಲೇಟ್ ಪರವಾಗಿ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕಂಪನಿಯವರು ಕೇಳುವುದು ಅದೇ ಸರ್ಟಿಫಿಕೇಟ್‌ನ ಪ್ರತಿ. ಮೂಲ ಪ್ರತಿ ಅಂಚೆಯಲ್ಲಿ ಇರುವಾಗಲೂ ಅರ್ಜಿ ತುಂಬುವ ಕೆಲಸ ನಡೆಯಲಿ ಅಂತಿದ್ದರೆ ಕಾಪಿ ಮೊದಲೇ ತೆಗೆದಿರಬೇಕು. ಮೊದಲು ಸರೆಂಡರ್, ಆಮೇಲೆ ಓಸಿಐ. ಮಗಳಿಗೂ ಅದೇ ಕ್ರಮ. ಓಸಿಐಗೆ ವಾರಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಓತ್ ಆದ ಮೇಲಿನ ಮೊದಲ ಊರಿನ ಟಿಕೆಟನ್ನು ಕಾರ್ಡ್ ಕೈಗೆ ಬಂದ ಮೇಲೆಯೇ ತೆಗೆಯಿರಿ, ಇಲ್ಲವಾದರೆ ಇ-ವೀಸಾ ಲೆಕ್ಕದಲ್ಲೇ ತೆಗೆಯಿರಿ.